ವೈನಿಯ ಹೆಸರಿಗೆ ಹೋದ ನನ್ನ ಕತೆ

ವೈನಿ,

ಮೊದಲು 'ಪ್ರೀತಿಯ ವೈನಿ' ಅಂತ ಬರೆದಿದ್ದೆ. ಆಮೇಲೆ 'ಪ್ರೀತಿಯ' ಹೊಡೆದುಹಾಕಿದೆ. ನಿಮ್ಮ ಮುಂದೆ ಸುಳ್ಳು ಹೇಳಿ ನಾನು ಯಾವತ್ತು ದಕ್ಕಿಸಿಕೊಂಡಿದ್ದೇನೆ? ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಹಾಗನ್ನುವವರ ಮನೆಯಲ್ಲಿ ನಿಮ್ಮಂಥ ವೈನಿ ಇರಲಿಲ್ಲ, ಅಷ್ಟೆ. ನೀವು ಹೋಗಿ ಎರಡು ವರ್ಷವಾಯಿತು, ನನ್ನ ಹೊಟ್ಟೆಯ ಉರಿ ಇನ್ನೂ ಆರಿಲ್ಲ. ಆರಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನೊಂದು ಕೆಲಸ ಮಾಡಿದ್ದೇನೆ. ಅದು ನಿಮಗೆ ನನ್ನ ಬಾಯಿಂದಲೇ ಗೊತ್ತಾಗಬೇಕು. ಒಂದೇ ಸಾಲಿನಲ್ಲಿ ಹೇಳಿದರೆ ನೀವು ನನ್ನನ್ನು ಕಳ್ಳಿ ಅಂದುಕೊಳ್ಳುತ್ತೀರಿ. ನಾನು ಕದ್ದಿಲ್ಲ. ಕದ್ದಿದ್ದರೆ ಎಷ್ಟೋ ಚಲೋ ಇತ್ತು.

ನೀವು ಮದುವೆಯಾಗಿ ಲಿಂಗಂಪಲ್ಲಿಯ ಈ ಮನೆಗೆ ಬಂದ ಮೊದಲ ವಾರ ನೆನಪಿದೆಯೇ? ಅಣ್ಣ ನನ್ನನ್ನು ತೋರಿಸಿ, "ನಮ್ಮ ವತ್ಸಲಾ ಕತಿ ಬರೀತಾಳ, ಪತ್ರಿಕಿದಾಗ ಬರ್ತಾವ" ಎಂದು ದೊಡ್ಡ ದನಿಯಲ್ಲಿ ಹೇಳಿದ. ಆಗ ಈ ಮನೆಯಲ್ಲಿ ಬರೆಯುವವಳು ನಾನೊಬ್ಬಳೇ. ಕನ್ನಡ ಎಂ.ಎ. ಮಾಡಿದವಳು, ಲಕಡಿಕಾಪೂಲಿನ ಸರಕಾರಿ ಆಫೀಸಿನಲ್ಲಿ ದಿನವಿಡೀ ತೆಲುಗು ಫೈಲು ತಿರುವಿ, ಸಂಜೆ ಮನೆಗೆ ಬಂದು ಕನ್ನಡ ಬರೆಯುವವಳು. ನೀವು ಹುಮನಾಬಾದಿನಲ್ಲಿ ಪಿಯುಸಿ ಮುಗಿಸಿ ಬಂದವರು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಸಣ್ಣವರು. ಆದರೂ ಅಣ್ಣನ ಹೆಂಡತಿ ಅಂತ ನಾನು ನಿಮಗೆ ವೈನಿ ಅನ್ನಬೇಕು, ನೀವು ನನಗೆ ಅಕ್ಕಾ ಅನ್ನಬೇಕು. ಯಾರು ದೊಡ್ಡವರು ಅನ್ನುವುದು ಅವತ್ತೇ ತೀರ್ಮಾನವಾಗದೆ ಉಳಿಯಿತು. "ಎಂಥಾ ಕತಿ ಬರೀತೀರಿ ಅಕ್ಕಾ?" ಎಂದು ಕೇಳಿದಿರಿ. ದೆವ್ವದ ಕತೆ ಅಂದೆ. ನೀವು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಿರಿ.

ಆ ನಗೆಗೆ ಸಿಟ್ಟು ಬಂದು ನಾನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದ ಮಧ್ಯಾಹ್ನವೂ ಕಣ್ಣಿಗೆ ಕಟ್ಟಿದಂತಿದೆ. ನನ್ನವು ಒಂದೇ ಪುಟದ ಕತೆಗಳು, ಮುನ್ನೂರು ಪದ ದಾಟುವಂತಿಲ್ಲ. ರಕ್ತ ಇಲ್ಲ, ಗೆಜ್ಜೆ ಸಪ್ಪಳ ಇಲ್ಲ, ಬಿಳಿ ಸೀರೆ ಇಲ್ಲವೇ ಇಲ್ಲ. ದೆವ್ವ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತದೆ, ಚಪ್ಪಲಿ ಹೊರಗೆ ಬಿಟ್ಟು ಬರುತ್ತದೆ. ಇದನ್ನು ಕೊಳ್ಳುವವರು ಎಷ್ಟು ಜನ? ಸಾಹಿತ್ಯದವರಿಗೆ ದೆವ್ವ ಬೇಡ, ದೆವ್ವದವರಿಗೆ ಸಾಹಿತ್ಯ ಬೇಡ. ಹುಬ್ಬಳ್ಳಿಯ ಒಂದು ವಾರಪತ್ರಿಕೆಯ ಕೊನೇ ಪುಟ, ವರ್ಷಕ್ಕೊಂದು ದೀಪಾವಳಿ ಸಂಚಿಕೆ. ಇಷ್ಟೇ ಬಾಗಿಲುಗಳು, ಕತೆ ಓದಿ ಕೇಳಿಸುವ ಬೆಂಗಳೂರಿನ ಆ್ಯಪ್ ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಈ ಎರಡನ್ನು ಬಡಿಯುತ್ತ ನಾನು ನಾಲ್ಕು ವರ್ಷ ಕಳೆದಿದ್ದೆ. ನೀವು ಗಲ್ಲಕ್ಕೆ ಕೈ ಕೊಟ್ಟು ಎಲ್ಲ ಕೇಳಿಸಿಕೊಂಡಿರಿ. ನನ್ನ ಕೈಯಾರೆ ನಾನೇ ನಿಮಗೆ ವಿಳಾಸ ಬರೆದುಕೊಟ್ಟೆ, ಅದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಪಲ್ಲವಿ ಶಾಲೆಗೆ ಹೋಗಲು ಶುರುಮಾಡಿದ ವರ್ಷ, ಒಂದು ರವಿವಾರ, ನೀವು ಕುಕ್ಕರಿಗೆ ಅಕ್ಕಿ ಇಟ್ಟು, "ಅಕ್ಕಾ, ಒಂದ್ ಹೇಳ್ಲಿ? ನಗಬ್ಯಾಡ್ರಿ ಮತ್ತ" ಅಂದಿರಿ. ಕುಕ್ಕರಿನ ಮೊದಲ ಸೀಟಿ ಆಯಿತು, ನೀವು ಕತೆ ಶುರುಮಾಡಿದಿರಿ. ಸತ್ತುಹೋದ ಅತ್ತೆಯೊಬ್ಬಳು ದಿನಾ ಹನ್ನೊಂದಕ್ಕೆ ಬಂದು ಬಾಗಿಲ ಗಂಟೆ ಒತ್ತಿ, ಹಾಲು ಕಾಯಿಸಿದಿಯಾ ಎಂದು ಕೇಳುತ್ತಾಳೆ. ಸೊಸೆ ಒಳಗಿನಿಂದಲೇ "ಕಾಯ್ಸೀನ್ರಿ" ಅನ್ನುತ್ತಾಳೆ. ಅತ್ತೆ ಹೋಗುತ್ತಾಳೆ. ಒಂದು ದಿನ ಸೊಸೆ ಬೇಕಂತಲೇ "ಇಲ್ರಿ" ಅನ್ನುತ್ತಾಳೆ, ಯಾಕೆಂದರೆ ಅವತ್ತು ಮನೆಯಲ್ಲಿ ಮಾತಾಡಲು ಬೇರೆ ಯಾರೂ ಇರುವುದಿಲ್ಲ. ಮೂರನೇ ಸೀಟಿಗೆ ಸರಿಯಾಗಿ ಕತೆ ಮುಗಿಯಿತು. ನೀವು ಗ್ಯಾಸ್ ಆರಿಸಿ, "ಕಡದದ್ದು ಇಷ್ಟು" ಅಂತ ಕತೆಯೊಳಗೆ ಹಿಡಿಸದೆ ಬಿಟ್ಟಿದ್ದನ್ನೆಲ್ಲ ಬೆರಳು ಮಡಚಿ ಹೇಳಿದಿರಿ: ಅತ್ತೆಯ ಕಾಯಿಲೆ, ಗಂಡನ ಸಂಬಳ, ಪಕ್ಕದ ಮನೆಯ ನಾಯಿ. ನನಗೆ ನಗು ಎಲ್ಲಿಂದ ಬರಬೇಕು?

ಅದನ್ನು ನೀವು ಹುಬ್ಬಳ್ಳಿಗೆ ಕಳಿಸಿದಿರಿ, ಅವರು ತಗೊಂಡರು. ಒಂದೇ ಏಟಿಗೆ! ನನ್ನ ಮೊದಲ ಕತೆ ಎಷ್ಟು ಸಲ ವಾಪಸ್ಸು ಬಂದಿತ್ತು ಅನ್ನುವುದು ಈ ಮನೆಯ ಅಂಚೆಯವನಿಗೂ ಗೊತ್ತು. ಬಂದ ಸಂಭಾವನೆಯಲ್ಲಿ ನೀವು ಏನು ಮಾಡಿದಿರಿ? ನನಗೆ ಸೀರೆ ತಂದಿರಿ. "ಗುರುಗಳಿಗೆ" ಅಂದಿರಿ. ಅದು ಮರ್ಯಾದೆಯೋ ಚುಚ್ಚುಮಾತೋ ನನಗೆ ಇವತ್ತಿನವರೆಗೆ ಗೊತ್ತಾಗಿಲ್ಲ. ಸೀರೆಯ ಅಂಚು ಬಹಳ ಚಂದ ಇತ್ತು, ಅದಕ್ಕೂ ನನಗೆ ಸಿಟ್ಟು ಬಂತು.

ನಾನೂ ಕುಕ್ಕರಿನ ಮುಂದೆ ನಿಂತು ಕತೆ ಹೇಳಿದ ದಿನಗಳಿದ್ದವು. ನೀವು ಬಳ್ಳೊಳ್ಳಿ ಸುಲಿಯುತ್ತ ಕೇಳುತ್ತಿದ್ದಿರಿ, ಪಲ್ಲವಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು. ನನ್ನ ದೆವ್ವ ಮನೆಯ ಮೆಟ್ಟಿಲು ಹತ್ತುವುದರೊಳಗೆ ಮೂರು ಸೀಟಿ ಆಗಿ ಹೋಗುತ್ತಿತ್ತು. ನಾನು ನಿಲ್ಲಿಸುತ್ತಿರಲಿಲ್ಲ. ಐದಾಗುತ್ತಿತ್ತು, ಆರಾಗುತ್ತಿತ್ತು, ಅನ್ನ ಗಂಜಿಯಾಗುತ್ತಿತ್ತು. ಮುಗಿದ ಮೇಲೆ ನಾನು ನಿಮ್ಮ ಮುಖ ನೋಡುತ್ತಿದ್ದೆ. ನೀವು "ಊಟಾ ಮಾಡೂಣ ನಡ್ರಿ ಅಕ್ಕಾ" ಅನ್ನುತ್ತಿದ್ದಿರಿ. ಚಲೋ ಆಗಿದೆ ಅನ್ನಲಿಲ್ಲ, ಕೆಟ್ಟದಾಗಿದೆ ಅಂತಲಾದರೂ ಅನ್ನಲಿಲ್ಲ. ನನ್ನ ಉಪ್ಪಿನಕಾಯಿಯನ್ನು ಹೊಗಳಿದ್ದೀರಿ, ಹೊಸ ಚಪ್ಪಲಿಯನ್ನು ಹೊಗಳಿದ್ದೀರಿ. ಹದಿಮೂರು ವರ್ಷದಲ್ಲಿ ನನ್ನ ಒಂದು ಕತೆಗೆ, ಒಂದೇ ಒಂದಕ್ಕೆ... ಹೋಗಲಿ ಬಿಡಿ.

ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ಒಂದು ಬೆಳಿಗ್ಗೆ ನಮ್ಮ ಸೆಕ್ಷನ್ನಿನ ಭಾರತಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೇಳಿದರೆ, ಯಾರೋ ನಿಮ್ಮ ಅತ್ತೆ-ಹಾಲಿನ ಕತೆಯನ್ನು ತೆಲುಗು ಮಾಡಿ, ಮೊಬೈಲಿನಲ್ಲಿ ಕೇಳುವ ಹಾಗೆ ಓದಿ ಹಾಕಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೂರಬಾರದೇ? ಬರೆದವಳು ನಮ್ಮ ವೈನಿ ಅಂದೆ. "ಮೀ ವದಿನೆ ಗಾರಾ? ಅಬ್ಬಾ, ಎಂತ ಬಾಗಾ ರಾಸಾರು!" ನಿಮ್ಮ ವೈನಿಯೇ, ಎಷ್ಟು ಚಂದ ಬರೆದಿದ್ದಾರೆ ಎಂದು ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ನಾನೂ ಬರೆಯುತ್ತೇನೆ ಅಂದೆ. "ಅವುನಾ?" ಹೌದಾ ಅಂತಷ್ಟೇ ಕೇಳಿ ಮತ್ತೆ ವಯರು ಸಿಕ್ಕಿಸಿಕೊಂಡಳು. ಅವತ್ತು ಬೇಗಂಪೇಟೆಯವರೆಗೆ ನಾನು ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.

ಜ್ವರ ಅಂತ ನೀವು ಆಸ್ಪತ್ರೆ ಸೇರಿ ನಾಲ್ಕನೇ ದಿನ ಅಣ್ಣ ಫೋನು ಮಾಡಿದಾಗ ನಾನು ಆಫೀಸಿನ ಮೆಟ್ಟಿಲ ಮೇಲೇ ಕೂತು ಅತ್ತೆ. ನಾಟಕಕ್ಕಲ್ಲ ವೈನಿ, ಹೊಟ್ಟೆಯಿಂದ ಅತ್ತೆ. ಅಳುತ್ತಿರುವಾಗಲೇ ಒಂದು ಮಾತು ತಲೆಯೊಳಗೆ ಹಾದುಹೋಯಿತು: ಇನ್ನು ಕೊನೇ ಪುಟಕ್ಕೆ ನಾನೊಬ್ಬಳೇ. ಥೂ, ಎಂಥ ಬುದ್ಧಿ ನನ್ನದು! ಇದನ್ನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ಯಾಕೆಂದರೆ ನೀವು ಇದನ್ನು ಮೂರು ಸೀಟಿಯ ಕತೆ ಮಾಡಿಬಿಡುತ್ತಿದ್ದಿರಿ, ಅದೂ ನನ್ನದಕ್ಕಿಂತ ಚಲೋ ಮಾಡುತ್ತಿದ್ದಿರಿ.

ನಿಮ್ಮ ವರ್ಷಾಂತಿಕ ಇನ್ನೂ ಆಗಿರಲಿಲ್ಲ, ನಾನು ಹುಬ್ಬಳ್ಳಿಗೆ ಎರಡು ಕತೆ ಕಳಿಸಿದೆ. ಸಂಪಾದಕರ ಉತ್ತರ ಬಂತು. "ವಿವರ ಹೆಚ್ಚಾಯಿತು, ಉಸಿರು ಸಾಲದು. ನಿಮ್ಮ ವೈನಿಯವರದು ಅಪ್ರಕಟಿತ ಏನಾದರೂ ಇದ್ದರೆ ದಯವಿಟ್ಟು ಕಳಿಸಿ." ದಯವಿಟ್ಟು! ನನಗೆ ಎಂದಾದರೂ ಆ ಪದ ಬರೆದಿದ್ದರೇ? ಮರುದಿನ ತಲೆನೋವೆಂದು ರಜೆ ಹಾಕಿ, ನಿಮ್ಮ ಅಡಿಗೆಮನೆಯಲ್ಲೇ ಕೂತು, ಹಟಕ್ಕೆ ಬಿದ್ದು ಒಂದು ಕತೆ ಬರೆದೆ. ಹೆಸರು 'ರಜೆಯ ದಿನ'. ಕೆಳಗೆ ನಿಮ್ಮ ಹೆಸರು ಹಾಕಿ ಕಳಿಸಿದೆ. ಅವರು ಕೊಳ್ಳುವುದು ಕತೆಯನ್ನಲ್ಲ, ನಿಮ್ಮ ಹೆಸರನ್ನು ಅಂತ ಸಾಬೀತು ಮಾಡಬೇಕಿತ್ತು ನನಗೆ. ಅಚ್ಚಾದ ಮೇಲೆ ಅವರ ಮುಖಕ್ಕೆ ಹಿಡಿಯುವ ಲೆಕ್ಕಾಚಾರ. ಕತೆಯ ಜೊತೆ ಹಾಕಲು ಕೈಬರಹದ ಚಿತ್ರ ಬೇಕು ಅಂದರು. ನಿಮ್ಮ ಕತೆಗಳ ಡೈರಿಯ ಖಾಲಿ ಹಾಳೆಯಲ್ಲಿ ನಿಮ್ಮ ಅಕ್ಷರದಂತೆಯೇ ಬರೆದು ಅದನ್ನೂ ಕಳಿಸಿದೆ. ನಿಮ್ಮ ದುಂಡು ಅಕ್ಷರ ನನಗೆ ಅಷ್ಟು ಚೆನ್ನಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಕತೆ ಅಚ್ಚಾದ ವಾರ ನಾನು ನಾಲಿಗೆ ಕಚ್ಚಿಕೊಂಡೆ. ಕತೆ ಇಷ್ಟೇ: ಸತ್ತ ಹೆಂಗಸೊಬ್ಬಳು ಬೆಳಿಗ್ಗೆ ಹತ್ತಕ್ಕೆ ತನ್ನ ಮನೆಗೆ ಬರುತ್ತಾಳೆ. ಗಂಡ, ಮಗಳು ಹೊರಗೆ ಹೋಗಿದ್ದಾರೆ. ರಜೆ ಹಾಕಿದ ನಾದಿನಿ ಅಡಿಗೆಮನೆಯಲ್ಲಿ ಬರೆಯುತ್ತ ಕೂತಿದ್ದಾಳೆ. ದೆವ್ವ ಗಂಡನ ಅಂಗಿ ಮುಟ್ಟುತ್ತದೆ, ಮಗಳ ಹಾಸಿಗೆ ಸರಿಮಾಡುತ್ತದೆ. ಆಮೇಲೆ ನಾದಿನಿಯ ಹಿಂದೆ ಬಂದು ನಿಲ್ಲುತ್ತದೆ. ಆ ಪುಟ ಮುಗಿಯುವವರೆಗೂ ನಿಲ್ಲುತ್ತದೆ. ಮುಗಿದ ಮೇಲೆ ಹೋಗುತ್ತದೆ. ನಿಮ್ಮ ಎಲ್ಲ ಕತೆಗಳಲ್ಲೂ ಇದೇ ಶ್ರೇಷ್ಠ ಎಂದು ಜನ ಪತ್ರ ಬರೆದರು. ಅಣ್ಣ ಓದಿ, ನನ್ನ ತಲೆ ಮೇಲೆ ಕೈಯಿಟ್ಟು, "ನೋಡವಾ ವತ್ಸಲಾ, ಅಕಿ ನಿನ್ನ ಎಷ್ಟ್ ಹಚ್ಚಿಕೊಂಡಿದ್ಲು" ಅಂದ. ಕನ್ನಡ ಸಂಘದ ಹೆಂಗಸರೂ ಅದನ್ನೇ ಅಂದರು, ಎಂಥಾ ಪುಣ್ಯ ಮಾಡಿದ್ರಿ, ಇಂಥ ವೈನಿ ಯಾರಿಗೆ ಸಿಗತಾರ ಅಂತ. ಅದನ್ನೆಲ್ಲ ಕೇಳಿದ ಮೇಲೆ ನಿಜ ಹೇಳುವ ಬಾಯಿ ನನಗಿರಲಿಲ್ಲ. ವೈನಿ, ಅದನ್ನು ನೀವು ಬರೆದಿರಲಿಲ್ಲ. ನೀವು ನನ್ನ ಹಿಂದೆ ಬಂದು ನಿಂತಂತೆ ನಾನೇ ಬರೆದುಕೊಂಡಿದ್ದೆ. ನಾನು ಬರೆಯುವಾಗ ಪುಟ ಮುಗಿಯುವ ತನಕ ನಿಂತವರಲ್ಲ ನೀವು, ಅನ್ನ ಬಡಿಸಲು ಹೋಗಿಬಿಡುತ್ತಿದ್ದಿರಿ.

ಈ ವರ್ಷ ಯುಗಾದಿಯ ಹೊತ್ತಿಗೆ ಸಂಪಾದಕರೇ ಫೋನು ಮಾಡಿ, ನಿಮ್ಮ ಕತೆಗಳ ಪುಸ್ತಕ ತರುತ್ತೇವೆ, 'ರಜೆಯ ದಿನ' ಅಂತಲೇ ಹೆಸರು ಅಂದರು. ಆಗ ನನಗೆ ತಡೆಯಲಾಗಲಿಲ್ಲ. ಒಂದು ಕತೆ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಜೀವಮಾನದಲ್ಲಿ ನಾನು ಬರೆದ ಒಂದೇ ಒಂದು ಒಳ್ಳೆಯ ಕತೆ, ಅದೂ ನಿಮ್ಮ ಪುಸ್ತಕದ ನೆತ್ತಿಯ ಮೇಲೆ! ಅದು ನನ್ನದು ಅಂದೆ. ಅವರು ಬಹಳ ಮೆತ್ತಗೆ, "ಮೇಡಂ, ಕೈಬರಹ ನಮ್ಮ ಹತ್ರ ಐತಿ. ನಿಮ್ಮ ಸಂಕಟ ನನಗ ತಿಳೀತೈತಿ, ಆದ್ರ ತೀರಿಕೊಂಡವರ ಕತಿ ನಂದು ಅನ್ನೂದು ಶೋಭಾ ತರೂದಿಲ್ಲ ನೋಡ್ರಿ" ಅಂದರು.

ಅಣ್ಣನಿಗೆ ಹೇಳಿದ್ದು ಇನ್ನೂ ಕೆಟ್ಟದಾಯಿತು. ಮಾದಾಪುರದ ಆಫೀಸಿನಿಂದ ದಣಿದು ಬಂದವನು ಬೂಟು ಬಿಚ್ಚುತ್ತಿದ್ದ. ನಾನು ಹೇಳುತ್ತ ಹೋದೆ, ಅವನು ಒಂದು ಬೂಟು ಕೈಯಲ್ಲಿ ಹಿಡಿದೇ ಕೂತ. "ಅಕಿ ಇದ್ದಾಗೂ ಹಿಂಗ ಮಾಡಿದಿ, ಹೋದ ಮ್ಯಾಲೂ ಬಿಡವಲ್ಲಿ. ನಿನ್ನ ಹೊಟ್ಟಿಕಿಚ್ಚು ನಮಗ್ಯಾರಿಗೂ ಗೊತ್ತಿಲ್ಲ ಅನಕೊಂಡೀಯೇನು?" ಎಂದ. ಅಂದರೆ ಇಷ್ಟು ವರ್ಷ ಇಡೀ ಮನೆಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತೇ? ಗೊತ್ತಿದ್ದೂ ನನ್ನ ತಟ್ಟೆಗೆ ತುಪ್ಪ ಹಾಕುತ್ತಿದ್ದಿರಾ? ನಾನು ಮೇಲಿನ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪುಸ್ತಕದ ಕರಡು ತಿದ್ದಲು ಪಲ್ಲವಿ ಕೂತಿದ್ದ ರವಿವಾರ ಮಧ್ಯಾಹ್ನ ನಾನು ಕೊನೇ ಸಲ ಪ್ರಯತ್ನಿಸಿದೆ. ನಿಮ್ಮ ಮಗಳು ಈಗ ಡಿಗ್ರಿ ಮೊದಲ ವರ್ಷ. 'ರಜೆಯ ದಿನ' ಅವಳಿಗೆ ಬಾಯಿಪಾಠವಾಗಿತ್ತು, ಹಾಸಿಗೆ ಸರಿಮಾಡುವ ಸಾಲಿಗೆ ಬಂದಾಗ ಅವಳ ದನಿ ಪ್ರತೀ ಸಲ ಸಣ್ಣಗಾಗುತ್ತಿತ್ತು. ಅದನ್ನು ಕೇಳಿಯೂ ಹೇಳಿದೆನಲ್ಲ, ನನಗೆ ಕರುಳು ಇದೆಯೋ ಇಲ್ಲವೋ. "ಪಲ್ಲವಿ, ಅದು ನಿಮ್ಮಮ್ಮ ಬರದಿದ್ದಲ್ಲ. ನಾ ಬರದೀನಿ."

"ಪಪ್ಪಾ ಹೇಳ್ಯಾರ, ಅತ್ಯಾ ಹಿಂಗ ಅನಾಕತ್ತಾಳ ಅಂತ," ಅವಳು ತಲೆ ಎತ್ತಲಿಲ್ಲ.

"ನೀ ನಂಬೂದಿಲ್ಲೇನು?"

ಪೆನ್ಸಿಲ್ ಕೆಳಗಿಟ್ಟಳು. ನಿಮ್ಮದೇ ಮುಖ, ನಿಮ್ಮದೇ ನೋಟ, ಒಂದು ಗೆರೆಯೂ ನಮ್ಮ ಕಡೆಯದಿಲ್ಲ. "ಬರದಾಕಿ ನೀನ ಆದ್ರ, ಏನ್ ಕಡದಿ ಹೇಳು" ಅಂದಳು.

ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಅವಳು ಕಲಿತದ್ದು ಇದು. ಬರೆದದ್ದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಬರೆಯದೆ ಬಿಟ್ಟದ್ದು ಏನೆಂದು ಬರೆದವಳಿಗೆ ಮಾತ್ರ ಗೊತ್ತು. ನಾನು ಬೆರಳು ಮಡಚಿದೆ. "ಅಂಗಿಗೆ ಗುಂಡಿ ಇರಲಿಲ್ಲ, ಅದನ್ನ ಕಡದೆ. ಕೆಳಗಿನ ಮನಿ ಆಂಟಿ ಕರಿಬೇವು ಕೇಳಾಕ ಬಂದಿದ್ಲು, ಅಕಿನ್ನ ಕಡದೆ. ಆಮ್ಯಾಲ..."

"ಆಮ್ಯಾಲ?"

"ಆಮ್ಯಾಲ ಕಡೀಕ, ನಾದಿನಿ ಪುಟ ಮುಗಸಿದ ಮ್ಯಾಲ, ದೆವ್ವ ಬಗ್ಗಿ ಆ ಪುಟ ಓದತಿತ್ತು. ಓದಿ, 'ಚಲೋ ಬರದೀರಿ ಅಕ್ಕಾ' ಅಂತಿತ್ತು."

"ಅದನ್ಯಾಕ ಕಡದಿ?"

"ಯಾರೂ ನಂಬೂದಿಲ್ಲ ಅದನ್ನ. ಸತ್ತಾಕಿ ತಿರುಗಿ ಮನಿಗೆ ಬಂದ್ಲು ಅಂದ್ರ ನಂಬತಾರ. ನಿಮ್ಮಮ್ಮ ನನಗ ಆ ಮಾತು ಅಂದ್ಲು ಅಂದ್ರ ಯಾರ್ ನಂಬತಾರ?"

ಹುಡುಗಿಗೆ ಎಲ್ಲ ನೆನಪಿತ್ತು ವೈನಿ. ಗಂಜಿಯಾದ ಅನ್ನ, ನಾನು ನಿಮ್ಮ ಮುಖ ನೋಡುತ್ತ ನಿಲ್ಲುತ್ತಿದ್ದದ್ದು, ನೀವು ತಟ್ಟೆ ಇಡಲು ತಿರುಗುತ್ತಿದ್ದದ್ದು. "ಹೌದು, ಅಮ್ಮ ಅಂತಿರಲಿಲ್ಲ" ಅಂದಳು. ಆಮೇಲೆ ಪೆನ್ಸಿಲ್ ತಗೊಂಡು ಆ ಕತೆಯ ಮೇಲೆ ಅಡ್ಡ ಗೀಟು ಎಳೆದಳು. ಎಳೆಯುತ್ತ ಅಳುತ್ತಿದ್ದಳು. "ಒಂದು ವರ್ಷ ಅತ್ಯಾ, ಅಮ್ಮ ನನ್ನ ಹಾಸಿಗಿ ಸರಿಮಾಡಿದ್ಲು ಅಂತ..." ಅಷ್ಟೇ ಅಂದಳು. ಸಂಪಾದಕರಿಗೆ ಅವಳೇ ಫೋನು ಮಾಡಿದಳು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ನನ್ನ ಕತೆ ನನಗೆ ಬಂತು, ನಾನೂ ಆ ಎಂಟು ದಿನ ಊಟ ಸೇರದೆ ಓಡಾಡಿದೆ.

ಅಣ್ಣನ ಮುಂದೆ ಪಲ್ಲವಿ ಎಲ್ಲ ಹೇಳಿದ ಸಂಜೆ ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವನು ಕೇಳಿದ್ದು ಬೇರೆಯೇ. "ಹಂಗಂದ್ರ ಅಕಿ ಮನಿಗೆ ಬಂದಿದ್ದು, ನನ್ನ ಅಂಗಿ ಮುಟ್ಟಿದ್ದು, ಎಲ್ಲಾ ನೀ ಬರದಿದ್ದೇನು?" ಹೂಂ ಅಂದೆ. "ಇರ್ಲಿ ತಗೋ. ಯಾರರೆ ಅಕಿನ್ನ ಮನಿಗೆ ಕರಕೊಂಡ್ ಬಂದ್ರಲ್ಲ" ಅಂದು ಕೈತೊಳೆಯಲು ಎದ್ದುಹೋದ.

ಈ ಹೊತ್ತು ನಿಮ್ಮ ಪುಸ್ತಕ ಬಂತು ವೈನಿ. ಮೂವತ್ತೊಂಬತ್ತು ಕತೆ, ಎಲ್ಲವೂ ನಿಮ್ಮವೇ. ಒಂದೇ ಸಲಕ್ಕೆ ಓದಿ ಮುಗಿಸಿದೆ. ಏಳನೆಯದು ನಾನು ಬರೆಯಬೇಕಿತ್ತು, ಇಪ್ಪತ್ತನೆಯದೂ. ಹೊಟ್ಟೆ ಮತ್ತೆ ಮೊದಲಿನ ಹಾಗೇ ಉರಿಯಿತು, ಅದೇನು ನಾಟಕ ಮಾಡಲಿ? ನನ್ನ ಕತೆಯನ್ನು ಪತ್ರಿಕೆ ಇನ್ನೊಮ್ಮೆ ಹಾಕುವುದಿಲ್ಲ. ರಾಶಿಭವಿಷ್ಯದ ಪಕ್ಕ ಒಂದು ಸಾಲಿನ ತಿದ್ದುಪಡಿ ಹಾಕಿ, ಅದರಲ್ಲಿ ನನ್ನ ಹೆಸರು ಹಾಕಿದ್ದಾರೆ. ಬೆಂಗಳೂರಿನ ಆ್ಯಪಿನವರು ಮಾತ್ರ ನನ್ನ ಹೆಸರಿನಲ್ಲೇ ಓದಿಸುತ್ತೇವೆ ಅಂದಿದ್ದಾರೆ. ಹೇಗೂ ಹೊಸದಾಗಿ ಕಳಿಸುತ್ತೀಯಲ್ಲ, ಕಡಿದ ಆ ಸಾಲನ್ನೂ ಹಾಕು ಅಂತ ಪಲ್ಲವಿ ಬೆನ್ನು ಬಿದ್ದಿದ್ದಾಳೆ. ನಾನು ಹಾಕುವುದಿಲ್ಲ ವೈನಿ, ಆಣೆ ಮಾಡಿ ಹೇಳುತ್ತೇನೆ. ಅದು ನಾನು ಬರೆಯುವ ಮಾತಲ್ಲ. ಅದನ್ನು ನೀವು ಹೇಳಬೇಕಿತ್ತು.

ನಿಮ್ಮ
ವತ್ಸಲಾ